ತ್ಯಾಗವೋ ಪರಿಮಿತಿಯೋ: ಸಾಹಿತ್ಯದ ಅಧ್ಯಯನ ಮತ್ತು ಸಾಮಾಜಿಕ ಜಾಲತಾಣ

ಸಾಮಾಜಿಕ ಜಾಲತಾಣಗಳನ್ನು ಪೂರ್ತಿಯಾಗಿ ತೊರೆಯಬೇಕೆ, ಇಲ್ಲವೆ ಮಿತಿಯೊಳಗಿಟ್ಟು ಬಳಸಬೇಕೆ ಎಂಬ ಪ್ರಶ್ನೆ ಇಂದು ಎಲ್ಲರನ್ನೂ ಕಾಡುತ್ತಿದೆ. ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಅದು ಇನ್ನಷ್ಟು ತೀವ್ರವಾಗಿ ಎದುರಾಗುತ್ತದೆ. ಅವರ ಕೆಲಸದ ಮೂಲ ಬಂಡವಾಳವೇ ಅಖಂಡವಾದ ಗಮನ. ಹಳಗನ್ನಡ ಚಂಪೂಕಾವ್ಯದ ಒಂದು ಪದ್ಯವನ್ನು ಪದಚ್ಛೇದ ಮಾಡಿ, ಅನ್ವಯಿಸಿ, ನಿಘಂಟನ್ನು ನೋಡಿ, ಪಾಠಾಂತರಗಳನ್ನು ತೂಗಿ ಒಂದು ನಿರ್ಣಯಕ್ಕೆ ಬರಲು ಅರ್ಧ ಗಂಟೆ ಹಿಡಿಯಬಹುದು. ಆ ಅರ್ಧ ಗಂಟೆ ಐದು ಕಡೆ ತುಂಡಾದರೆ ಪದ್ಯವನ್ನು ಐದು ಸಲ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಹಳಗನ್ನಡವನ್ನು ನೇರವಾಗಿ ಓದಿ ಅರ್ಥೈಸಬಲ್ಲವರ ಬಳಗ ದೊಡ್ಡದೇನಲ್ಲ. ಆ ಸಣ್ಣ ಬಳಗದ ತಾಳ್ಮೆಯೂ ಕುಂದಿದರೆ, ಸಂಪಾದಿತವಾಗಿ ಮುದ್ರಣಗೊಂಡ ಕಾವ್ಯಗಳೂ ಓದುಗರಿಲ್ಲದೆ ಕಪಾಟಿನಲ್ಲಿ ಉಳಿಯುತ್ತವೆ. ಈ ಪ್ರಶ್ನೆಯಲ್ಲಿ ಪಣಕ್ಕಿರುವುದು ಕೆಲವರ ಬಿಡುವಿನ ಸಮಯವಷ್ಟೇ ಅಲ್ಲ.

ಹಾಗೆಂದು ಜಾಲತಾಣಗಳನ್ನು ಸಾರಾಸಗಟಾಗಿ ನಿಂದಿಸುವುದು ನ್ಯಾಯವಾಗದು. ಹಿಂದೆ ಒಳನಾಡಿನ ಕಾಲೇಜೊಂದರ ವಿದ್ಯಾರ್ಥಿಗೆ ಒಂದು ಶಾಸನದ ಪಾಠ ಬೇಕಾದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟವಿರುವ ಗ್ರಂಥಾಲಯವನ್ನು ಅರಸಿ ಮೈಸೂರಿಗೋ ಧಾರವಾಡಕ್ಕೋ ಹೋಗಬೇಕಾಗಿತ್ತು. ಇಂದು ಅಂಥ ವಿದ್ಯಾರ್ಥಿ ಹೊಲದ ಬದುವಿನಲ್ಲಿ ಕಂಡ ವೀರಗಲ್ಲಿನ ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಕಳುಹಿಸಿದರೆ, ಸಂಜೆಯೊಳಗೆ ಬಲ್ಲವರೊಬ್ಬರು ಅದರ ಲಿಪಿಯ ಕಾಲವನ್ನು ಸೂಚಿಸಬಹುದು. ವಿಚಾರಗೋಷ್ಠಿಯ ಆಹ್ವಾನ, ಹೊಸ ಗ್ರಂಥದ ಸುದ್ದಿ, ಅಲಭ್ಯ ಪುಸ್ತಕದ ಪ್ರತಿ ಇವೆಲ್ಲ ಅಲ್ಲಿಂದಲೇ ದೊರೆಯುತ್ತವೆ. ಆದ್ದರಿಂದ ತೊರೆಯುವ ನಿರ್ಧಾರಕ್ಕೆ ಒಂದು ಬೆಲೆಯುಂಟು. ಹೆಸರು ಗಳಿಸಿದ ಹಿರಿಯರಿಗಿಂತ, ಇನ್ನೂ ವಿದ್ವದ್ವಲಯಕ್ಕೆ ಪರಿಚಿತರಾಗಬೇಕಾದ ಕಿರಿಯರು ಆ ಬೆಲೆಯನ್ನು ಹೆಚ್ಚಾಗಿ ತೆರಬೇಕಾಗುತ್ತದೆ.

ಆದರೆ ಉಪಯೋಗವಿದೆ ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಮಾಹಿತಿ ಹೇರಳವಾದಲ್ಲಿ ಅದು ಕಬಳಿಸುವ ಗಮನ ವಿರಳವಾಗುತ್ತದೆ ಎಂಬುದನ್ನು ಹರ್ಬರ್ಟ್ ಸೈಮನ್ 1971ರಲ್ಲಿಯೇ ಗುರುತಿಸಿದ್ದರು. ಮುದ್ರಿತ ಪುಟಕ್ಕೆ ಅಂಚುಂಟು, ಅಧ್ಯಾಯಕ್ಕೆ ಮುಕ್ತಾಯವುಂಟು. ಚಂಪೂಕಾವ್ಯದ ವಿಭಾಗಕ್ಕೆ ಸಲ್ಲುವ ‘ಆಶ್ವಾಸ’ ಎಂಬ ಹೆಸರಿನಲ್ಲಿಯೇ ನಿಂತು ಉಸಿರಾಡಿಕೊಳ್ಳುವ ಭಾವವಿದೆ. ಜಾಲತಾಣದ ಪುಟಕ್ಕೆ ಅಂಥ ತಂಗುದಾಣವಿಲ್ಲ. ಬೆರಳಾಡಿದಷ್ಟೂ ಮುಂದುವರಿಯುವ ಕೊನೆಯಿಲ್ಲದ ಪುಟವನ್ನು ಏಜಾ ರಾಸ್ಕಿನ್ 2006ರಲ್ಲಿ ರೂಪಿಸಿದರು; ಅದರ ಪರಿಣಾಮಗಳನ್ನು ಕಂಡು ಮುಂದೆ ಅವರೇ ವಿಷಾದಿಸಿದರು. ಫೇಸ್‌ಬುಕ್ 2009ರಲ್ಲಿ ‘ಲೈಕ್’ ಗುಂಡಿಯನ್ನು ಸೇರಿಸಿತು. ಆ ಮೇಲೆ ಬರೆಹದ ಬೆಲೆಯನ್ನು ಕ್ಷಣಕ್ಷಣವೂ ಎಣಿಸಿ ನೋಡುವ ಚಪಲ ಬೆಳೆಯಿತು. ನಿಲ್ಲುವ ಎಡೆಯನ್ನು ಅಳಿಸಿ, ಮರಳಿ ಬರುವ ಕಾರಣವನ್ನು ಒದಗಿಸುವ ಈ ಏರ್ಪಾಡಿನೆದುರು ಕೇವಲ ಮನೋಬಲವನ್ನು ನೆಚ್ಚಿ ಕೂರುವುದು ಜಾಣತನವಲ್ಲ.

ಈ ವಿಷಯದಲ್ಲಿ ಅಮೆರಿಕೆಯ ಎರಡು ಅಧ್ಯಯನಗಳು ಗಮನಾರ್ಹವಾಗಿವೆ. ಒಂದು ತೊರೆಯುವುದನ್ನು ಪರೀಕ್ಷಿಸಿತು, ಇನ್ನೊಂದು ಮಿತಗೊಳಿಸುವುದನ್ನು. ಹಂಟ್ ಆಲ್ಕಾಟ್ ಮತ್ತು ಸಂಗಡಿಗರು 2018ರ ಮಧ್ಯಾವಧಿ ಚುನಾವಣೆಗೆ ಮುನ್ನ ಬಳಕೆದಾರರ ಒಂದು ಗುಂಪು ನಾಲ್ಕು ವಾರ ಫೇಸ್‌ಬುಕ್‌ನಿಂದ ದೂರವಿರುವಂತೆ ಮಾಡಿದರು. 2020ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ದೂರವಿದ್ದವರಿಗೆ ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟು ಕಾಲ ಉಳಿಯಿತು, ನೆಮ್ಮದಿ ತುಸು ಹೆಚ್ಚಿತು, ರಾಜಕೀಯ ಕಡುಪಕ್ಷಪಾತ ಇಳಿಯಿತು. ಅದರ ಜೊತೆಗೆ ಸುದ್ದಿಯ ತಿಳಿವಳಿಕೆಯೂ ಕಡಿಮೆಯಾಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೆಲಿಸಾ ಹಂಟ್ ಮತ್ತು ಸಹೋದ್ಯೋಗಿಗಳು 143 ವಿದ್ಯಾರ್ಥಿಗಳನ್ನು ಒಳಗೊಂಡು ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು. ಅದರಲ್ಲಿ ಒಂದು ಗುಂಪಿನವರು ಮೂರು ವಾರ ಒಂದೊಂದು ಜಾಲತಾಣವನ್ನೂ ದಿನಕ್ಕೆ ಹತ್ತು ನಿಮಿಷಕ್ಕೆ ಮಿತಗೊಳಿಸಿದರು. ಅವರಲ್ಲಿ ಒಂಟಿತನ ಮತ್ತು ಖಿನ್ನತೆ ತಗ್ಗಿದವು. ಅಲ್ಲಿನ ಇನ್ನೊಂದು ಅಂಶ ವಿಚಾರಾರ್ಹವಾದುದು. ಮಿತಿಯಿಲ್ಲದೆ ಎಂದಿನಂತೆ ಬಳಸಿದವರಲ್ಲಿಯೂ ಆತಂಕ ಕಡಿಮೆಯಾಗಿತ್ತು. ತಮ್ಮ ಬಳಕೆಯ ಮೇಲೆ ತಾವೇ ಕಣ್ಣಿಟ್ಟುದರ ಫಲ ಇದಾಗಿರಬಹುದೆಂದು ಸಂಶೋಧಕರು ಊಹಿಸಿದರು.

ತೊರೆಯುವುದಕ್ಕೂ ಮಿತಗೊಳಿಸುವುದಕ್ಕೂ ಇರುವ ಭೇದವನ್ನು ಭಾರತೀಯ ಚಿಂತನೆ ಬಹು ಹಿಂದೆಯೇ ವಿವೇಚಿಸಿದೆ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಗೃಹಸ್ಥರಿಗಾಗಿ ರಚಿತವಾದ ಗ್ರಂಥ. ಭೋಗೋಪಭೋಗಗಳ ಪರಿಮಾಣವನ್ನು ಕುರಿತು ಹೇಳುವಲ್ಲಿ ಅದು ಯಮ, ನಿಯಮ ಎಂಬ ಎರಡು ದಾರಿಗಳನ್ನು ತೋರಿಸುತ್ತದೆ. ಬಾಳಿನುದ್ದಕ್ಕೂ ಬಿಡುವುದು ಯಮ. ಗೊತ್ತಾದ ಕಾಲಕ್ಕೆ ಬಿಡುವುದು ನಿಯಮ. ಆ ಕಾಲ ಒಂದು ಹಗಲಾಗಬಹುದು, ಒಂದು ಇರುಳಾಗಬಹುದು, ಪಕ್ಷ, ಮಾಸ, ಋತು, ಅಯನಗಳೂ ಆಗಬಹುದು. ನಿಯಮವನ್ನು ಅಲ್ಲಿ ಯಮದ ಸೋಲೆಂದು ಬಗೆದಿಲ್ಲ. ಸಂಸಾರದಲ್ಲಿದ್ದು ನಡೆಸಬಹುದಾದ ಸ್ವತಂತ್ರ ಸಾಧನೆಯೆಂದು ಎಣಿಸಿದೆ. ‘ಕಡಿಮೆ ಮಾಡುತ್ತೇನೆ’ ಎಂಬ ಅಳತೆಯಿಲ್ಲದ ಸಂಕಲ್ಪಕ್ಕೆ ಅಲ್ಲಿ ಎಡೆಯಿಲ್ಲ ಎಂಬುದು ಮುಖ್ಯ. ಯಾವ ವಸ್ತು, ಎಷ್ಟು ಕಾಲ ಎಂಬುದನ್ನು ಮುಂಚಿತವಾಗಿ ಗೊತ್ತುಪಡಿಸಿದಾಗಲೇ ಅದು ನಿಯಮವೆನಿಸುತ್ತದೆ.

ಅದೇ ಗ್ರಂಥದ ಅನರ್ಥದಂಡ ವಿಚಾರವೂ ಇಲ್ಲಿ ಪ್ರಯೋಜನಕಾರಿ. ಪ್ರಯೋಜನವಿಲ್ಲದೆ ಮಾಡುವ ಐದು ಬಗೆಯ ಕೇಡುಗಳಲ್ಲಿ ದುಃಶ್ರುತಿ ಮತ್ತು ಪ್ರಮಾದಚರ್ಯೆಗಳು ಸೇರಿವೆ. ಮನಸ್ಸನ್ನು ಕಲುಷಿತಗೊಳಿಸುವ ಮಾತುಗಳಿಗೆ ಕಿವಿಗೊಡುವುದು ಮೊದಲನೆಯದು. ಎಚ್ಚರವಿಲ್ಲದೆ, ನಿಷ್ಪ್ರಯೋಜಕವಾಗಿ ತೊಡಗುವುದು ಎರಡನೆಯದು. ಜಾಲತಾಣದ ಬಳಕೆಯನ್ನು ಈ ಒರೆಗಲ್ಲಿಗೆ ಹಚ್ಚಿದರೆ ಅದು ಮೂರಾಗಿ ಒಡೆಯುತ್ತದೆ: ಬೇಕಾದುದನ್ನು ಅರಸುವುದು, ಕಂಡುದನ್ನು ತಿಳಿಸುವುದು, ಸುಮ್ಮನೆ ಅಲೆಯುವುದು. ಮೊದಲೆರಡಕ್ಕೆ ಪ್ರಯೋಜನವುಂಟು, ಮುಗಿಯುವ ಗೊತ್ತೂ ಉಂಟು. ಕಾಲವನ್ನು ನುಂಗುವುದು ಮೂರನೆಯದು. ಎಷ್ಟೋ ಸಲ ಮೊದಲನೆಯದರ ನೆಪದಲ್ಲಿಯೇ ಅದು ಆರಂಭವಾಗುತ್ತದೆ. ಶಾಸನದ ಚಿತ್ರವನ್ನು ಹುಡುಕಹೋದವರು ಮುಕ್ಕಾಲು ಗಂಟೆಯ ಬಳಿಕ ಅಪರಿಚಿತರ ಜಗಳದ ನಡುವೆ ನಿಂತಿರುತ್ತಾರೆ. ‘ಜಾಲತಾಣ ಬೇಕೆ, ಬೇಡವೆ’ ಎಂದು ಒಟ್ಟಾಗಿ ಕೇಳುವುದರಿಂದಲೇ ಉತ್ತರ ತೊಡಕಾಗುತ್ತದೆ. ಅರಸುವುದಕ್ಕೂ ತಿಳಿಸುವುದಕ್ಕೂ ಪರಿಮಿತಿ, ಅಲೆಯುವುದಕ್ಕೆ ತ್ಯಾಗ ಎಂದು ಬಿಡಿಸಿ ಹೇಳಿದರೆ ದಾರಿ ತಿಳಿಯಾಗುತ್ತದೆ.

ತಿಳಿಸುವ ಬಗೆಯಲ್ಲಿಯೂ ಒಂದು ಎಚ್ಚರ ಅಗತ್ಯ. ಹೊಸ ಶೋಧದ ತಿರುಳನ್ನು ಜಾಲತಾಣದಲ್ಲಿ ನಾಲ್ಕು ಸಾಲಾಗಿ ಹಂಚಿ, ಲೇಖನವಾಗಿ ಬರೆಯದೆ ಬಿಡುವ ಅಭ್ಯಾಸ ಬೆಳೆಯುತ್ತಿದೆ. ಮೆಚ್ಚುಗೆ ಆಗಲೇ ದೊರೆತುದರಿಂದ ಬರೆಯುವ ಒತ್ತಡ ಕರಗುತ್ತದೆ. ಆದರೆ ಆ ನಾಲ್ಕು ಸಾಲು ಎಷ್ಟು ಕಾಲ ಉಳಿದೀತು? 2014ರ ಸೆಪ್ಟೆಂಬರ್‌ನಲ್ಲಿ ಆರ್ಕುಟ್ ಮುಚ್ಚಿತು. 2019ರ ಏಪ್ರಿಲ್‌ನಲ್ಲಿ ಸಾಮಾನ್ಯ ಬಳಕೆದಾರರ ಪಾಲಿಗೆ ಗೂಗಲ್ ಪ್ಲಸ್ ಮುಚ್ಚಿತು. ಒಡೆತನ ಬೇರೊಬ್ಬರದಾಗಿರುವ ಕಡೆ ಇಟ್ಟ ಬರೆಹ ಅವರ ವ್ಯಾಪಾರ ನಡೆಯುವವರೆಗೆ ಮಾತ್ರ ಉಳಿಯುತ್ತದೆ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಹೊರಬಂದವು. ಶತಮಾನ ಕಳೆದರೂ ಸಂಶೋಧಕರು ಅವನ್ನು ತೆರೆಯದೆ ಮುಂದೆ ಹೋಗುವಂತಿಲ್ಲ. ಮೂಡಬಿದಿರೆಯ ಬಸದಿಯ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಉಳಿದುಬಂದ ಧವಲಾ ಟೀಕೆಯ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ತಾಳೆಗರಿಯಿಂದ ಅಚ್ಚಿನವರೆಗೆ ಬಂದ ಈ ಜ್ಞಾನಪರಂಪರೆ ನಿಂತಿರುವುದು ನಿಧಾನವಾಗಿ ಬರೆದವರ, ಜತನದಿಂದ ಕಾಪಾಡಿದವರ ಶ್ರಮದ ಮೇಲೆ.

ಮಿತಿ ಹಾಕಿಕೊಳ್ಳುವುದರಿಂದ ಎಲ್ಲರಿಗೂ ಪ್ರಯೋಜನವಾಗದು, ಒಮ್ಮೆ ತೆರೆದರೆ ನಿಲ್ಲಿಸಲಾಗದವರಿಗೆ ಹತ್ತು ನಿಮಿಷದ ಕಟ್ಟಳೆ ದಿನಕ್ಕೊಂದು ಸೋಲಾಗುತ್ತದೆ ಎಂಬ ಆಕ್ಷೇಪ ಸರಿಯಾದುದೇ. ಸಮಂತಭದ್ರರೂ ವ್ರತಗಳನ್ನು ಹೇಳಿ ಸುಮ್ಮನಾಗಲಿಲ್ಲ. ಒಂದೊಂದಕ್ಕೂ ಐದೈದು ಅತಿಚಾರಗಳನ್ನು ಎಣಿಸಿದರು. ಭೋಗೋಪಭೋಗ ಪರಿಮಾಣದ ಅತಿಚಾರಗಳಲ್ಲಿ ‘ಅನುಸ್ಮೃತಿ’ ಒಂದು: ಅನುಭವಿಸಿ ಮುಗಿದುದನ್ನು ಮತ್ತೆ ಮತ್ತೆ ನೆನೆಯುವುದು. ಫೋನನ್ನು ಕೆಳಗಿಟ್ಟ ಮೇಲೂ ಯಾರು ಏನೆಂದು ಉತ್ತರಿಸಿದರೋ ಎಂದು ಮನಸ್ಸು ಅಲ್ಲಿಯೇ ಸುತ್ತುವವರಿಗೆ ಗಡಿಯಾರದ ಮಿತಿ ಸಾಲದು. ಅಂಥವರು ನಿರ್ದಿಷ್ಟ ಜಾಲತಾಣವೊಂದನ್ನು ಪೂರ್ತಿಯಾಗಿ ತೊರೆಯುವುದೇ ಲೇಸು. ಅದನ್ನು ಹಿಂಜರಿಕೆಯೆಂದೋ ಕಾಲಕ್ಕೆ ಹೊಂದಿಕೊಳ್ಳಲಾಗದ ದೌರ್ಬಲ್ಯವೆಂದೋ ಹಳಿಯುವುದು ತರವಲ್ಲ. ಸಂಶೋಧನೆಯ ಮಾರ್ಗದರ್ಶಕರಿಗೂ ಇಲ್ಲಿ ಒಂದು ಹೊಣೆಯಿದೆ. ಗೋಷ್ಠಿಯ ಸೂಚನೆ, ಕೊನೆಯ ದಿನಾಂಕ, ಪಠ್ಯಸಾಮಗ್ರಿಗಳನ್ನು ಜಾಲತಾಣದಲ್ಲಿ ಮಾತ್ರ ಪ್ರಕಟಿಸಿದರೆ ತೊರೆದವರಿಗೆ ಅನ್ಯಾಯವಾಗುತ್ತದೆ. ಮಿಂಚಂಚೆಯಲ್ಲೋ ವಿಭಾಗದ ಸೂಚನಾಫಲಕದಲ್ಲೋ ಅವು ದೊರೆಯುವಂತಿರಬೇಕು.

ನಿರ್ಧಾರ ಕೈಗೊಳ್ಳುವ ಕ್ರಮ ಸರಳವಾದುದು. ಮೊದಲು ಒಂದು ವಾರ ಯಾವ ಬದಲಾವಣೆಯನ್ನೂ ಮಾಡದೆ ಬಳಕೆಯ ಲೆಕ್ಕವಿಡುವುದು. ಅರಸಿದ್ದೆಷ್ಟು, ತಿಳಿಸಿದ್ದೆಷ್ಟು, ಅಲೆದದ್ದೆಷ್ಟು ಎಂದು ವಿಂಗಡಿಸುವುದು. ಬಳಿಕ ಕೈಯಲ್ಲಿರುವ ಕೆಲಸಕ್ಕೆ ನಿಯಮವನ್ನು ಜೋಡಿಸುವುದು: ಪ್ರಬಂಧದ ಒಂದು ಅಧ್ಯಾಯ ಮುಗಿಯುವವರೆಗೆ, ಕಾವ್ಯದ ಒಂದು ಆಶ್ವಾಸದ ಓದು ಪೂರ್ಣವಾಗುವವರೆಗೆ. ಅವಧಿ ತೀರಿದ ಮೇಲೆ ಕಳೆದುದೇನು, ಗಳಿಸಿದುದೇನು ಎಂದು ತೂಗಿ, ನಿಯಮವನ್ನು ಮುಂದುವರಿಸುವುದೋ ಸಡಿಲಿಸುವುದೋ ಯಮವಾಗಿಸುವುದೋ ಎಂಬುದನ್ನು ತೀರ್ಮಾನಿಸಬಹುದು. ಆ ತೀರ್ಮಾನ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುವುದು ಸಹಜ. ಆದರೆ ಅದು ಓದುವವರದೇ ತೀರ್ಮಾನವಾಗಿರಬೇಕು. ತೀರ್ಮಾನಿಸದೆ ಉಳಿದವರ ಪರವಾಗಿ ಆ ಕೆಲಸವನ್ನು ಜಾಲತಾಣಗಳೇ ಮಾಡಿಬಿಡುತ್ತವೆ.