ಕಿಟಕಿಯ ಪಕ್ಕದ ಆಸನ ಯಾರದು?

ಮನೆಯವರೆಲ್ಲ ಸೇರಿ ವಿಮಾನದಲ್ಲಿ ಹೊರಟರೆ ಕಿಟಕಿಯ ಪಕ್ಕ ಯಾರು ಕೂರುತ್ತಾರೆ? ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಚರ್ಚೆಯೇ ಇಲ್ಲ. ಮಗ ಓಡಿ ಹೋಗಿ ಕೂತಿರುತ್ತಾನೆ, ಇಲ್ಲವೇ ಯಜಮಾನರು ಕೂತು ಐದೇ ನಿಮಿಷದಲ್ಲಿ ಗೊರಕೆ ಹೊಡೆಯುತ್ತಾರೆ. ಮಗುವನ್ನು ತೊಡೆಯಲ್ಲಿಟ್ಟುಕೊಂಡು, ಕಾಲಡಿಗೆ ಚೀಲ ಸರಿಸಿಕೊಂಡು ನಡುವಿನ ಆಸನದಲ್ಲಿ ಕೂರುವವರು ನೀವು. ಇಳಿದ ಮೇಲೆ "ಹೇಗಿತ್ತು ಪ್ರಯಾಣ?" ಎಂದು ಕೇಳಿದರೆ, ಮುಂದಿನ ಆಸನದ ಬೆನ್ನಿನ ಬಣ್ಣವನ್ನಷ್ಟೇ ಹೇಳಬಲ್ಲಿರಿ!

ಈ ಸಲ ಟಿಕೆಟ್ ಮಾಡುವಾಗ ನೀವೇ ಬಾಯಿ ಬಿಟ್ಟು ಕೇಳಿ. ಕೇಳುವ ಮೊದಲು ಯಾವ ಕಿಟಕಿ ಬೇಕೆಂದು ತಿಳಿದಿರಲಿ. ಎಲ್ಲ ಕಿಟಕಿಗಳೂ ಒಂದೇ ಅಲ್ಲ.

ನಮ್ಮ ಕರಾವಳಿಯವರು ಹೆಚ್ಚಾಗಿ ಹೋಗಿಬರುವ ಎರಡು ದಾರಿಗಳನ್ನೇ ನೋಡೋಣ. ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಆರು ಆಸನಗಳಿರುವ ವಿಮಾನದಲ್ಲಿ ಮುಂದಕ್ಕೆ ಮುಖ ಮಾಡಿ ಕೂತಾಗ ಎಡಗಡೆಯ ಕಿಟಕಿ 'ಎ', ಬಲಗಡೆಯ ಕಿಟಕಿ 'ಎಫ್'. ಇಷ್ಟು ನೆನಪಿದ್ದರೆ ಸಾಕು.

ಮಂಗಳೂರಿನಿಂದ ಮುಂಬೈಗೆ ಹೋಗುವಾಗ ವಿಮಾನ ಉತ್ತರಕ್ಕೆ ಸಾಗುತ್ತದೆ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಪಶ್ಚಿಮ ಘಟ್ಟ. ಬರುವಾಗ ಇದು ತಿರುವುಮುರುವು. ಸಮುದ್ರದ ಬದಿಯಲ್ಲಿ ಕೂತರೆ ಒಂದರ ಹಿಂದೊಂದು ನದಿಗಳು ಕಡಲು ಸೇರುವುದು ಕಾಣುತ್ತದೆ. ಮಲ್ಪೆಯ ಆಚೆಗಿನ ಸೇಂಟ್ ಮೇರಿಸ್ ದ್ವೀಪಗಳು, ಗಂಗೊಳ್ಳಿಯ ಅಳಿವೆ, ಮುರುಡೇಶ್ವರದ ಎದುರಿನ ನೇತ್ರಾಣಿ, ಹೊನ್ನಾವರದಲ್ಲಿ ಶರಾವತಿ, ಕಾರವಾರದಲ್ಲಿ ಕಾಳಿ. ಘಟ್ಟದ ಬದಿಯಲ್ಲಿ ಕೂತರೆ ಕಾಡಿನ ಮಡಿಕೆಗಳು, ಅವುಗಳ ಆಚೆ ಬೆರಳುಗಳನ್ನು ಚಾಚಿದಂತೆ ಹರಡಿರುವ ಲಿಂಗನಮಕ್ಕಿಯ ಹಿನ್ನೀರು.

ಯಾವ ಬದಿ ಆರಿಸಬೇಕು? ಸೂರ್ಯನನ್ನು ಕೇಳಿ. ಸೂರ್ಯ ಇರುವ ಬದಿಯಲ್ಲಿ ಕೂತರೆ ಗಾಜಿನ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತದೆ, ಕೊನೆಗೆ ಕಿಟಕಿಯ ತೆರೆ ಎಳೆಯಬೇಕಾಗುತ್ತದೆ. ಆದ್ದರಿಂದ ಈ ದಾರಿಯಲ್ಲಿ ಬೆಳಿಗ್ಗೆಯಾದರೆ ಸಮುದ್ರದ ಬದಿ, ಸಂಜೆಯಾದರೆ ಘಟ್ಟದ ಬದಿ. ಸಂಜೆಯ ಬಿಸಿಲು ಘಟ್ಟದ ಇಳಿಜಾರಿಗೆ ನೇರವಾಗಿ ಬೀಳುವುದರಿಂದ ಕಣಿವೆಗಳೆಲ್ಲ ಎದ್ದು ಕಾಣುತ್ತವೆ. ಕಡಲಲ್ಲಿ ಸೂರ್ಯ ಮುಳುಗುವುದನ್ನೇ ನೋಡಬೇಕೆಂಬ ಆಸೆಯಿದ್ದರೆ ಮಾತ್ರ ಈ ನಿಯಮ ಮರೆತುಬಿಡಿ.

ಬೆಂಗಳೂರು ದಾರಿ ಇನ್ನೂ ಸುಲಭ. ಅದು ಪೂರ್ವ-ಪಶ್ಚಿಮದ ದಾರಿ. ವರ್ಷದ ಹೆಚ್ಚಿನ ಕಾಲ ಸೂರ್ಯ ದಕ್ಷಿಣದ ಕಡೆಗೇ ಇರುವುದರಿಂದ ಉತ್ತರದ ಕಿಟಕಿ ತಂಪು. ಕುದುರೆಮುಖದ ಸಾಲು, ಅದರಾಚೆ ಬಾಬಾಬುಡನ್‌ಗಿರಿಯ ಬೆಟ್ಟಗಳು ಇರುವುದೂ ಅದೇ ಬದಿಯಲ್ಲಿ. ಮಂಗಳೂರಿನಿಂದ ಹೋಗುವಾಗ 'ಎ', ಬರುವಾಗ 'ಎಫ್'.

ಇನ್ನು ರೆಕ್ಕೆಯ ವಿಷಯ. ದೊಡ್ಡ ಜೆಟ್ ವಿಮಾನಗಳಲ್ಲಿ ರೆಕ್ಕೆ ಕಿಟಕಿಯ ಕೆಳಗಿರುತ್ತದೆ. ಸುಮಾರು ಮೂವತ್ತು ಸಾಲುಗಳ ವಿಮಾನದಲ್ಲಿ ನಡುವಿನ ಹತ್ತು ಸಾಲುಗಳಿಗೆ ರೆಕ್ಕೆಯೇ ದೃಶ್ಯ. ಆದ್ದರಿಂದ ತೀರಾ ಮುಂದೆ ಅಥವಾ ತೀರಾ ಹಿಂದೆ ಆರಿಸಿ. ಪಂಖಗಳಿರುವ ಚಿಕ್ಕ ಎಟಿಆರ್ ವಿಮಾನವಾದರೆ ನಿಮ್ಮ ಅದೃಷ್ಟ. ಅದರ ರೆಕ್ಕೆ ಕಿಟಕಿಯ ಮೇಲಿರುತ್ತದೆ, ಹಾರುವುದೂ ತುಸು ಕೆಳಗೆ. ಪಂಖದ ನೇರಕ್ಕಿರುವ ಸಾಲುಗಳನ್ನು ಮಾತ್ರ ಬಿಟ್ಟುಬಿಡಿ. ಬೋಯಿಂಗ್ 737ರಲ್ಲಿ ರೆಕ್ಕೆಗಿಂತ ಸ್ವಲ್ಪ ಮುಂದಿನ ಒಂದೆರಡು ಕಡೆ ಕಿಟಕಿಯ ಜಾಗದಲ್ಲಿ ಬರೀ ಗೋಡೆ. ಒಳಗೆ ಗಾಳಿಯ ಕೊಳವೆ ಹಾದುಹೋಗುತ್ತದೆ. ಹಣ ಕೊಟ್ಟು ಗೋಡೆ ನೋಡಬೇಡಿ! ತುರ್ತು ಬಾಗಿಲಿನ ಸಾಲು ವಿಶಾಲವಾಗಿದ್ದರೂ ಮಕ್ಕಳಿಗೂ, ಗರ್ಭಿಣಿಯರಿಗೂ, ಮಗುವನ್ನು ಎತ್ತಿಕೊಂಡ ತಾಯಂದಿರಿಗೂ ಅಲ್ಲಿ ಅವಕಾಶವಿಲ್ಲ.

ಖರ್ಚಿನ ಚಿಂತೆಯೇ? ಆಸನ ಆರಿಸಲು ಬೇರೆ ಶುಲ್ಕ ಇರುವುದು ನಿಜ. ಹಿಂದಿನ ಸಾಲುಗಳಿಗೆ ಅದು ಸಾಮಾನ್ಯವಾಗಿ ಕಡಿಮೆ. ವಿಮಾನ ನಿಲ್ದಾಣಕ್ಕೆ ಬೇಗ ತಲುಪಿ ಕೌಂಟರಿನಲ್ಲಿ ವಿನಯದಿಂದ ಕೇಳಿದರೂ ಕೆಲವೊಮ್ಮೆ ಸಿಗುತ್ತದೆ. ಮಳೆಗಾಲದಲ್ಲಿ ಹಣ ಸುರಿಯಬೇಡಿ. ಕಿಟಕಿಯಲ್ಲಿ ಬಿಳಿ ಮೋಡವಲ್ಲದೆ ಬೇರೇನೂ ಕಾಣದು. ಮಳೆ ನಿಂತ ಮೇಲಿನ ದಿನಗಳೇ ಚೆನ್ನ. ಗಾಳಿ ತೊಳೆದಂತಿರುತ್ತದೆ, ಘಟ್ಟ ಹಸಿರಾಗಿರುತ್ತದೆ.

ಒಂದು ಮಾತು ಹೇಳದೆ ಮುಗಿಸುವಂತಿಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ನಮ್ಮ ಬಜ್ಪೆಯಲ್ಲಿ ಇಳಿಯುವಾಗ ಕಣಿವೆಗೆ ಉರುಳಿ 158 ಮಂದಿ ತೀರಿಕೊಂಡರು. ಆ ಬೆಳಗು ಕರಾವಳಿಯ ಮನೆಗಳಿಂದ ಇನ್ನೂ ಪೂರ್ತಿ ಹೋಗಿಲ್ಲ. ಇಳಿಯುವ ಹೊತ್ತಿಗೆ ಕಣ್ಣು ಮುಚ್ಚಿ ದುಆ ಮಾಡುವ ಅಮ್ಮನನ್ನೋ ಅತ್ತೆಯನ್ನೋ ನೋಡಿ ನಗಬೇಡಿ. ಅವರನ್ನು ಬಲವಂತದಿಂದ ಕಿಟಕಿಗೆ ಕೂರಿಸುವುದೂ ಬೇಡ. ರೆಕ್ಕೆಯ ಬಳಿಯ ಸಾಲಿನಲ್ಲಿ ಓಲಾಟ ಕಡಿಮೆ. ಅಲ್ಲಿ ಓಡಾಡುವ ದಾರಿಯ ಪಕ್ಕದ ಆಸನ ಕೊಡಿಸಿ, ಕೈ ಹಿಡಿದು ಕುಳಿತುಕೊಳ್ಳಿ. ದೃಶ್ಯಕ್ಕಿಂತ ಅವರ ನೆಮ್ಮದಿ ದೊಡ್ಡದು.

ಆದರೆ ನೋಡುವ ಆಸೆ ಇದ್ದೂ ಸಂಕೋಚದಿಂದ ಸುಮ್ಮನಿರುವವರು ನೀವಾದರೆ, ಸಂಕೋಚ ಬಿಡಿ. ಹೋಗುವಾಗ ಮಗನಿಗೆ, ಬರುವಾಗ ನಿಮಗೆ ಎಂದು ಮನೆಯಲ್ಲೇ ಮಾತಾಡಿಕೊಳ್ಳಿ. ಮಕ್ಕಳೂ ಹಂಚಿಕೊಳ್ಳುವುದನ್ನು ಕಲಿಯುತ್ತಾರೆ. ವಿಮಾನ ಏರುವಾಗಲೂ ಇಳಿಯುವಾಗಲೂ ಕಿಟಕಿಯ ತೆರೆ ತೆಗೆದಿಡಬೇಕೆಂಬುದು ನಿಯಮ. ನೋಡಲು ಅದೇ ಉತ್ತಮ ಹೊತ್ತು. ನೇತ್ರಾವತಿಯೂ ಫಲ್ಗುಣಿಯೂ ಒಂದೇ ಅಳಿವೆಯಲ್ಲಿ ಕಡಲು ಸೇರುವುದನ್ನು, ನಿಮ್ಮ ಊರಿನ ತೆಂಗಿನ ತೋಟಗಳನ್ನು ಮೇಲಿನಿಂದ ಒಮ್ಮೆ ನೋಡಿ. ದಿನವಿಡೀ ದುಡಿಯುವ ನಿಮ್ಮ ಅಡುಗೆಮನೆಯೂ ಅಲ್ಲೆಲ್ಲೋ ಒಂದು ಹೆಂಚಿನ ಕೆಳಗಿದೆ. ಆ ಒಂದು ಗಂಟೆಯಾದರೂ ನಿಮಗಿರಲಿ.