ಅಂತರರಾಷ್ಟ್ರೀಯ ರಾಜಕೀಯ ನಿಮಗ್ಯಾಕೆ ಅನ್ನುವವರಿಗೆ

ಬಿ.ಎ. ಮುಗಿಸಿದ ಹಟ್ಟಿ ಹುಡುಗನಿಗೆ ಸಿಗುವ ಬುದ್ಧಿವಾದ ಒಂದೇ. ಬಿ.ಎಡ್. ಮಾಡು, ಇಲ್ಲಾಂದ್ರೆ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕು. ಎಂ.ಎ. ಓದ್ತೀನಿ ಅಂದರೆ ಹುಬ್ಬೇರಿಸುತ್ತಾರೆ. ಅದರಲ್ಲೂ ಅಂತರರಾಷ್ಟ್ರೀಯ ರಾಜಕೀಯ ಓದ್ತೀನಿ ಅಂದುಬಿಟ್ಟರೆ ನಗುತ್ತಾರೆ. "ಊರ ಹೋಟ್ಲಲ್ಲಿ ಲೋಟ ಬೇರೆ ಇಡ್ತಾರೆ, ಇವನಿಗೆ ಅಮೆರಿಕಾ ರಷ್ಯಾದ ಜಗಳ ಬೇಕಂತೆ!" ಮೇಲ್ಜಾತಿಯವರು ಹೀಗಂದರೆ ನಮಗೆ ಆಶ್ಚರ್ಯವಿಲ್ಲ. ಸಭೆಗಳಲ್ಲಿ ಮೈಕು ಹಿಡಿಯುವ ನಮ್ಮ ಅಣ್ಣಂದಿರೇ ಅಂದಾಗ ಸುಮ್ಮನಿರೋಕಾಗಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಾಸ್ಟೆಲುಗಳಲ್ಲಿ ಮುಂದೇನು ಅಂತ ಕೂತಿರುವ ತಮ್ಮ ತಂಗಿಯರೇ, ಇದು ನಿಮಗಾಗಿ.

ಅಂತರರಾಷ್ಟ್ರೀಯ ರಾಜಕೀಯ ದೆಹಲಿಯಲ್ಲಿ ಮಾತ್ರ ಇದೆ ಅಂತ ಹೇಳಿದವರು ಯಾರು? ಹೊಳಲ್ಕೆರೆ, ಹೊಸದುರ್ಗ ಸೀಮೆಯಲ್ಲಿ ಅದು ಕೆಂಪು ಧೂಳಾಗಿ ಹಾರಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾ ಕಟ್ಟುತ್ತಲೇ ಹೋಯಿತು, ಅದಿರಿನ ಬೆಲೆ ಏರುತ್ತಲೇ ಹೋಯಿತು, ನಮ್ಮ ಗುಡ್ಡಗಳು ಲಾರಿ ಹತ್ತಿದವು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಿಲ್ಲಿಸಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. 2022ರಲ್ಲಿ ರಫ್ತಿಗೆ ಅದೇ ಕೋರ್ಟು ಮತ್ತೆ ಬಾಗಿಲು ತೆರೆಯಿತು. ಗಣಿ ಕೂಲಿಗೆ ಹೋಗುತ್ತಿದ್ದ ನಮ್ಮವರಿಗೆ ಈ ಕೆಲಸ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಯಾರೂ ಕೂರಿಸಿ ಹೇಳಲಿಲ್ಲ.

ಶೇಂಗಾದ ಕತೆಯೂ ಇದೇ. ಹಿರಿಯೂರು ಚಳ್ಳಕೆರೆ ಕಡೆ ಹೊಲ ಅಂದರೆ ಶೇಂಗಾ, ಚಳ್ಳಕೆರೆ ಅಂದರೆ ಎಣ್ಣೆ ಮಿಲ್ಲು. 1994ರಲ್ಲಿ ಕೇಂದ್ರ ಸರ್ಕಾರ ಪಾಮೋಲಿನ್ ಆಮದಿನ ಕಟ್ಟು ಸಡಿಲಿಸಿತು. 1995ರ ಜನವರಿ 1ಕ್ಕೆ ವಿಶ್ವ ವಾಣಿಜ್ಯ ಸಂಸ್ಥೆ ಹುಟ್ಟಿತು. ಮಲೇಷಿಯಾ ಇಂಡೋನೇಷಿಯಾದ ತಾಳೆ ಎಣ್ಣೆ ನಮ್ಮ ಅವ್ವಂದಿರ ಒಗ್ಗರಣೆಗೆ ಬಂತು. ಅಗ್ಗ ಅಂತ ನಾವೂ ಕೊಂಡೆವು. ಶೇಂಗಾಕ್ಕೆ ಬೆಲೆ ಸಿಗದವನು ಮಳೆಯನ್ನು ಬೈದ, ದಲ್ಲಾಳಿಯನ್ನು ಬೈದ. (ದಲ್ಲಾಳಿ ಬೈಸಿಕೊಳ್ಳಲು ಯೋಗ್ಯನೇ, ಅದು ಬೇರೆ ಮಾತು.) ಇನ್ನು ಭೀಮಸಮುದ್ರದ ಅಡಿಕೆ. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಿಸಲು ಕೇಂದ್ರ ಒಪ್ಪಿತು. ತೋಟ ನಮ್ಮದಲ್ಲ, ಆದರೆ ಸುಲಿಯುವ ಕೈ ನಮ್ಮದು. ಧಾರಣೆ ಬಿದ್ದರೆ ತೋಟದ ಯಜಮಾನ ಮೊದಲು ಕೈ ಹಾಕುವುದು ಆ ಕೂಲಿಗೇ. ಭೂತಾನದ ಜೊತೆ ದೆಹಲಿಗೆ ಇರುವ ಸ್ನೇಹವೇನು, ಆ ಸ್ನೇಹದ ಹಿಂದೆ ಚೀನಾದ ಭಯವೆಷ್ಟು ಅಂತ ತಿಳಿಯದವನಿಗೆ ಈ ಕೂಲಿಯ ಲೆಕ್ಕ ಪೂರ್ತಿ ಸಿಗುವುದಿಲ್ಲ.

ಈ ಓದು ನಮ್ಮ ಚಳವಳಿಗೆ ಹೊಸದೇನಲ್ಲ. ಬಾಬಾಸಾಹೇಬರನ್ನು ನಾವು ಸಂವಿಧಾನದ ಪುಸ್ತಕ ಹಿಡಿದ ಪಟದಲ್ಲಿ ನಿಲ್ಲಿಸಿಬಿಟ್ಟಿದ್ದೇವೆ. 1946ರಲ್ಲಿ ಅಮೆರಿಕದ ಕಪ್ಪು ಜನರ ಸಂಘಟನೆಯೊಂದು ವಿಶ್ವಸಂಸ್ಥೆಗೆ ಮನವಿ ಕೊಟ್ಟ ಸುದ್ದಿ ತಿಳಿದು, ಅದರ ಪ್ರತಿ ಬೇಕು ಅಂತ ಡುಬೋಯ್ಸ್ ಅವರಿಗೆ ಪತ್ರ ಬರೆದವರು ಅವರೇ. ಅಸ್ಪೃಶ್ಯರೂ ಅದೇ ದಾರಿ ಹಿಡಿಯಬಹುದೇ ಅನ್ನುವುದು ಅವರ ಯೋಚನೆ. 1951ರಲ್ಲಿ ಮಂತ್ರಿಗಿರಿ ಬಿಟ್ಟಾಗ ಕೊಟ್ಟ ಕಾರಣಗಳಲ್ಲಿ ಹಿಂದೂ ಕೋಡ್ ಬಿಲ್ಲು ನಮಗೆಲ್ಲ ಗೊತ್ತು. ವಿದೇಶಾಂಗ ನೀತಿಯೂ ಒಂದು ಕಾರಣವಾಗಿತ್ತು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ವರ್ಷದ 350 ಕೋಟಿ ವರಮಾನದಲ್ಲಿ ಸುಮಾರು 180 ಕೋಟಿ ಸೈನ್ಯಕ್ಕೇ ಹೋಗುತ್ತಿದೆ, ಇದು ನಮ್ಮ ವಿದೇಶಾಂಗ ನೀತಿಯ ಫಲ ಅಂತ ಅವರು ಲೆಕ್ಕ ಇಟ್ಟು ಹೇಳಿದರು. ಬಡವನ ಗಂಜಿಗೂ ಗಡಿಯ ಬಂದೂಕಿಗೂ ಇರುವ ಸಂಬಂಧವನ್ನು ಹೀಗೆ ರೂಪಾಯಿಯಲ್ಲಿ ತೋರಿಸುವುದೇ ನಾವು ಹೇಳುತ್ತಿರುವ ಓದು.

ಒಂದು ಪದದ ಕತೆ ಹೇಳುತ್ತೇವೆ, ಕೇಳಿ. 1965ರಲ್ಲಿ ವಿಶ್ವಸಂಸ್ಥೆ ಜನಾಂಗ ತಾರತಮ್ಯದ ವಿರುದ್ಧ ಒಪ್ಪಂದ ಮಾಡಿತು. ಅದರ ಮೊದಲ ವಿಧಿಯಲ್ಲಿ ಜನಾಂಗ, ಬಣ್ಣ ಇವುಗಳ ಜೊತೆ 'ಡಿಸೆಂಟ್' ಅನ್ನುವ ಪದವಿದೆ. ಇಂಥವರ ಹೊಟ್ಟೆಯಲ್ಲಿ ಹುಟ್ಟಿದವನು ಅಂತ ತಾರತಮ್ಯ ಮಾಡುವುದು ಎಂಬರ್ಥ. ಆ ಪದವನ್ನು ಸೇರಿಸಲು ತಿದ್ದುಪಡಿ ತಂದದ್ದು ಭಾರತವೇ! 1968ರಲ್ಲಿ ಒಪ್ಪಂದವನ್ನು ಅನುಮೋದಿಸಿದ್ದೂ ಭಾರತವೇ. 2001ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ ಸಮ್ಮೇಳನಕ್ಕೆ ದಲಿತರು ಹೋಗಿ ಜಾತಿಯ ಮಾತೆತ್ತಿದರೆ, ಜಾತಿ ಜನಾಂಗವಲ್ಲ, ಇದು ನಮ್ಮ ಮನೆಯ ವಿಚಾರ ಅಂದದ್ದೂ ಇದೇ ಸರ್ಕಾರ. ಕೊನೆಯ ಘೋಷಣೆಯಲ್ಲಿ ಜಾತಿಯ ಹೆಸರು ಬರಲೇ ಇಲ್ಲ. ಮರುವರ್ಷ ಆ ಒಪ್ಪಂದದ ಸಮಿತಿ, 'ಡಿಸೆಂಟ್' ಅಂದರೆ ಜಾತಿಯೂ ಸೇರುತ್ತದೆ ಅಂತ ಬರೆದಿಟ್ಟಿತು. ಘೋಷಣೆ ಕೂಗಿ ಇಂಥದ್ದನ್ನು ಹಿಡಿಯಲಾಗದು. ಕೂತು ಓದಬೇಕು, ಹಳೆಯ ದಾಖಲೆ ತೆಗೆಯಬೇಕು, ಒಂದು ಪದದ ಹಿಂದೆ ಬೀಳಬೇಕು. ಅದಕ್ಕೇ ಎಂ.ಎ. ಬೇಕು ಅನ್ನುವುದು.

ಆದರೆ ತರಗತಿಯಲ್ಲಿ ಇದೇ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಶಕ್ತಿ ಸಮತೋಲನ, ಶೀತಲ ಸಮರ, ಅಲಿಪ್ತ ನೀತಿ, ರಾಷ್ಟ್ರಹಿತ ಎಲ್ಲ ಕಲಿಸುತ್ತಾರೆ. ಯಾರ ರಾಷ್ಟ್ರ, ಯಾರ ಹಿತ ಅಂತ ನೀವೇ ಕೇಳಬೇಕು. ಪುಸ್ತಕವೆಲ್ಲ ಇಂಗ್ಲಿಷು. ಕನ್ನಡ ಮೀಡಿಯಂನಿಂದ ಹೋದವನು ಮೊದಲ ವರ್ಷ ಡಿಕ್ಷನರಿ ಜೊತೆ ಕುಸ್ತಿ ಆಡಬೇಕಾಗುತ್ತದೆ. ಆಡಿ. ಯು.ಪಿ.ಎಸ್.ಸಿ. ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧ ಅನ್ನುವ ವಿಷಯವನ್ನು ಕನ್ನಡದಲ್ಲೇ ಬರೆಯಬಹುದು. ವಿದೇಶಾಂಗ ಸೇವೆಗೂ ಅದೇ ಬಾಗಿಲು. ಕೇರಳದ ಉಳವೂರಿನ ಬಡ ದಲಿತರ ಮನೆಯ ಕೆ.ಆರ್. ನಾರಾಯಣನ್ ಲಂಡನ್ನಿನಲ್ಲಿ ಲಾಸ್ಕಿಯವರ ಶಿಷ್ಯರಾಗಿ ಓದಿ, 1949ರಲ್ಲಿ ವಿದೇಶಾಂಗ ಸೇವೆ ಸೇರಿ, 1976ರಲ್ಲಿ ಚೀನಾಕ್ಕೆ, 1980ರಲ್ಲಿ ಅಮೆರಿಕಕ್ಕೆ ರಾಯಭಾರಿಯಾದರು. ರಾಷ್ಟ್ರಪತಿಯಾದದ್ದು ಆಮೇಲೆ, 1997ರಲ್ಲಿ.

ಎಲ್ಲರೂ ರಾಯಭಾರಿಗಳಾಗುವುದಿಲ್ಲ, ನಮಗೂ ಗೊತ್ತು. ಎಂ.ಎ. ಆದಮೇಲೂ ಗೆಸ್ಟ್ ಲೆಕ್ಚರರ್ ಆಗಿ ಅಲೆಯುವವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಮನೆಯಲ್ಲಿ ಸಾಲ ಇದ್ದು, ತಂಗಿ ಮದುವೆ ಇದ್ದು, ಬಿ.ಎಡ್. ಹಿಡಿದವನನ್ನು ಹೇಡಿ ಅನ್ನುವ ಹಕ್ಕು ಯಾರಿಗೂ ಇಲ್ಲ. ನಮ್ಮ ತಕರಾರು, ಓದುವ ಆಸೆ ಇದ್ದವನನ್ನೂ ನಗಾಡಿ ಹಿಂದಕ್ಕೆ ಕಳಿಸುವವರ ಮೇಲೆ.

ಬಾಗಿಲು ಮುಚ್ಚುವವರು ಬೇರೆ ಇದ್ದಾರೆ. ಪರಿಶಿಷ್ಟರು ವಿದೇಶಕ್ಕೆ ಹೋಗಿ ಓದಲು ಕೊಡುವ ರಾಷ್ಟ್ರೀಯ ವಿದ್ಯಾರ್ಥಿವೇತನದ ನಿಯಮಕ್ಕೆ 2022ರಲ್ಲಿ ಒಂದು ಕತ್ತರಿ ಬಿತ್ತು. ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಮೇಲೆ ಸಂಶೋಧನೆ ಮಾಡುವವರಿಗೆ ಅದು ಸಿಗದು ಅಂದರು. ಅಂದರೆ ಕೊಲಂಬಿಯಾಕ್ಕೆ ಹೋಗು, ಆದರೆ ಜಾತಿಯ ಬಗ್ಗೆ ಬರೆಯಬೇಡ. ಬಾಬಾಸಾಹೇಬರು 1916ರಲ್ಲಿ ಅದೇ ಕೊಲಂಬಿಯಾದಲ್ಲಿ ಓದಿದ ಪ್ರಬಂಧ ಯಾವುದರ ಮೇಲಿತ್ತು ಅಂತ ಈ ನಿಯಮ ಬರೆದವರು ಒಮ್ಮೆ ನೋಡಬೇಕಿತ್ತು.

ಆ 1965ರ ಒಪ್ಪಂದದ ಮೊದಲ ವಿಧಿಯನ್ನು ಹಾಸ್ಟೆಲ್ ಗೋಡೆಗೆ ಅಂಟಿಸುವಷ್ಟು ಸರಳ ಕನ್ನಡಕ್ಕೆ ತರಲು ಕೂತಿದ್ದೇವೆ. 'ಡಿಸೆಂಟ್' ಅನ್ನುವುದಕ್ಕೆ ವಂಶ ಅನ್ನಬೇಕೋ, ಹುಟ್ಟು ಅನ್ನಬೇಕೋ ಅಂತ ನಮ್ಮಲ್ಲೇ ಜಗಳ ಬಿದ್ದಿದೆ. ರಾಜ್ಯಶಾಸ್ತ್ರ ಓದುತ್ತಿರುವವರು ಬಂದು ಕೂಡಿಕೊಳ್ಳಿ, ಇಂಗ್ಲಿಷ್ ಡಿಕ್ಷನರಿ ಇದ್ದವರು ತನ್ನಿ.