ಸಿಕ್ಕಿಕೊಂಡಿರುವುದು ಪಿಕಪ್ಪೋ, ರೈತನೋ?



ನಮ್ಮ ಹಳೇಕೋಟೆ ಹೋಬಳಿ ಕಡೆ ಮುಂಗಾರಿಗೆ ಹಾಕಿದ ಆಲೂಗಡ್ಡೆ ಕೀಳೋದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಮಳೆ ಹಿಡಿಯೋದೂ ಅದೇ ಕಾಲಕ್ಕೆ. ಗೆಡ್ಡೆ ಕಿತ್ತು, ಆಯ್ದು, ಮೂಟೆ ಹೊಲಿದು ಬದುವಿನ ಮೇಲೆ ಇಟ್ಟಾಗಿರುತ್ತೆ. ಬೆಳಗಾಗೋದ್ರೊಳಗೆ ಮಾಲು ಹಾಸನದ ಮಾರ್ಕೆಟ್ಟು ಮುಟ್ಟಬೇಕು. ಬಾಡಿಗೆ ಪಿಕಪ್ಪು ಟಾರ್ ರಸ್ತೆ ಬಿಟ್ಟು ಎರಡು ಫರ್ಲಾಂಗು ಬರುವಷ್ಟರಲ್ಲಿ ಹಿಂದಿನ ಗಾಲಿ ಕೆಸರಲ್ಲಿ ಹೂತು, ನಿಂತಲ್ಲೇ ಗಿರಗಿರ ತಿರುಗುತ್ತೆ. ಕಲ್ಲು ಕೊಟ್ಟು, ಸೊಪ್ಪು ಹಾಕಿ, ಹತ್ತು ಜನ ತಳ್ಳಿ, ಕೊನೆಗೆ ಟ್ರ್ಯಾಕ್ಟರ್ ಕರೆಸಿ ಎಳೆಸೋ ಹೊತ್ತಿಗೆ ಹರಾಜು ಮುಗಿದಿರುತ್ತೆ. ಮಾರನೇ ದಿನಕ್ಕೆ ಮಾಲು ಬೆವೆತಿರುತ್ತೆ. ಬೆವೆತ ಮಾಲಿಗೆ ಯಾವ ರೇಟು ಹಾಕ್ತಾರೆ ಅಂತ ನಿಮಗೆ ನಾನು ಹೇಳಬೇಕಾ?

ಈ ಸಂಕಟ ಸುಳ್ಳಲ್ಲ. ಇದಕ್ಕೆ ಊರಿನ ಹುಡುಗರು ಕಂಡುಕೊಂಡಿರೋ ಔಷಧಿ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಕೂತಿದ್ದೀನಿ.

ನಮ್ಮ ಪಕ್ಕದ ಮನೆ ಹುಡುಗ ಒಬ್ಬ ಸ್ವಂತ ಪಿಕಪ್ಪು ಇಟ್ಟಿದ್ದಾನೆ. ಒಂದು ಸಂಜೆ ಜಗಲಿ ಮೇಲೆ ಬಂದು ಕೂತ. "ದೊಡ್ಡಪ್ಪ, ಗುಜರೀಲಿ ಹಳೇ ಜೀಪಿನ ಮುಂದಿನ ಹೌಸಿಂಗ್ ಸಿಗುತ್ತಂತೆ. ಟ್ರಾನ್ಸ್‌ಫರ್ ಕೇಸೂ ಸಿಗುತ್ತಂತೆ. ಚಾಸಿಗೆ ಕೂರಿಸಿಬಿಟ್ರೆ ನಾಲ್ಕು ಗಾಲಿಗೂ ಓಟ ಬರುತ್ತೆ. ಆಮೇಲೆ ಯಾವ ಕೆಸರಾದ್ರೂ ಹೆದರೋ ಹಂಗಿಲ್ಲ" ಅಂದ. ಎಷ್ಟಾಗುತ್ತಪ್ಪ ಅಂತ ಕೇಳಿದೆ. "ಎಲ್ಲಾ ಸೇರಿ ಎರಡು ಲಕ್ಷ ಅಂದವ್ರೆ" ಅಂದ. ದುಡ್ಡು ಎಲ್ಲಿದೆ ಅಂದೆ. ಅದಕ್ಕೆ ಹುಡುಗ ತಲೆ ಕೆರೆದುಕೊಂಡ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಮೊದಲು ಕೆಲಸದ ಸ್ವರೂಪ ತಿಳ್ಕೊಳ್ಳಿ, ಆಮೇಲೆ ಸಾಲದ ಮಾತು.

ಜೀಪು ಅನ್ನೋದು ಎರಡನೇ ಮಹಾಯುದ್ಧದ ಕಾಲದಲ್ಲಿ ಹುಟ್ಟುವಾಗಲೇ ನಾಲ್ಕು ಗಾಲಿಗೆ ಓಟ ಇಟ್ಟುಕೊಂಡು ಹುಟ್ಟಿದ ಗಾಡಿ. ಯುದ್ಧ ಮುಗಿದ ಮೇಲೆ ನಮ್ಮ ದೇಶದಲ್ಲೂ ಅದನ್ನು ಜೋಡಿಸೋಕೆ ಶುರು ಮಾಡಿದರು. ಸಕಲೇಶಪುರದ ಕಡೆ ಕಾಫಿ ತೋಟದವರು ಮಳೆಗಾಲ ಪೂರ್ತಿ ಜೀಪು ನಂಬಿಕೊಂಡೇ ಬದುಕಿದವರು. ಅದರ ಚಾಸಿ, ಎಂಜಿನ್ ಕೂತ ಎತ್ತರ, ಸ್ಟೇರಿಂಗ್ ಕಡ್ಡಿ ಹೋಗೋ ಜಾಗ, ಎಲ್ಲಾನೂ ಮುಂದಿನ ಹೌಸಿಂಗ್ ಇರುತ್ತೆ ಅಂತ ಲೆಕ್ಕ ಹಾಕಿಯೇ ಮಾಡಿದ್ದು. ನಮ್ಮ ಪಿಕಪ್ಪು ಹಾಗಲ್ಲ. ಎಂಜಿನ್ನಿನ ಬಲ ಗೇರ್ ಬಾಕ್ಸಿಂದ ಒಂದೇ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಹಿಂದಕ್ಕೆ ಹೋಗುತ್ತೆ. ಈಗಿನ ಬಹಳಷ್ಟು ಪಿಕಪ್ಪುಗಳಿಗೆ ಮುಂದುಗಡೆ ಅಡ್ಡ ಹೌಸಿಂಗೇ ಇಲ್ಲ, ಎರಡು ಗಾಲಿಗೂ ಬೇರೆ ಬೇರೆ ತೋಳು. ಅಲ್ಲಿಗೆ ಜೀಪಿನ ಹೌಸಿಂಗ್ ತರಬೇಕು ಅಂದ್ರೆ ಆ ತೋಳುಗಳನ್ನೆಲ್ಲ ಕಿತ್ತು, ಪಟ್ಟಾ ಕೂರಿಸೋಕೆ ಚಾಸಿಗೆ ಹೊಸ ಬ್ರಾಕೆಟ್ಟು ಬೆಸುಗೆ ಹಾಕಬೇಕು. ಡಿಫರೆನ್ಷಿಯಲ್ಲಿನ ಬುರುಡೆ ಎಂಜಿನ್ ಆಯಿಲ್ ಸಂಪಿಗೆ ಬಡಿಯದ ಹಾಗೆ ಗಾಡಿನೇ ಎತ್ತರಿಸಬೇಕು. ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ತೂಗುಹಾಕೋಕೆ ಹೊಸ ಅಡ್ಡಪಟ್ಟಿ ಕೊಡಬೇಕು. ಹಿಂದಿನ ಶಾಫ್ಟು ಕತ್ತರಿಸಿ ಚಿಕ್ಕದು ಮಾಡಿಸಬೇಕು, ಮುಂದಕ್ಕೆ ಇನ್ನೊಂದು ಮಾಡಿಸಬೇಕು. ಸ್ಟೇರಿಂಗು, ಬ್ರೇಕಿನ ಪೈಪು ಎಲ್ಲಾ ಬದಲು.

ಇನ್ನೊಂದು ಸೂಕ್ಷ್ಮ ಇದೆ. ಹಿಂದಿನ ಕ್ರೌನ್-ಪಿನಿಯನ್ ಲೆಕ್ಕಕ್ಕೂ ಮುಂದಿನದರ ಲೆಕ್ಕಕ್ಕೂ ತಾಳೆ ಆಗಬೇಕು. ಯುದ್ಧಕಾಲದ ವಿಲ್ಲೀಸ್ ಜೀಪಿನದು 4.88, ಅಂದರೆ ಶಾಫ್ಟು 4.88 ಸುತ್ತು ಸುತ್ತಿದರೆ ಗಾಲಿ ಒಂದು ಸುತ್ತು. ಆಮೇಲೆ ಬಂದ ಸಿ.ಜೆ. ಜೀಪುಗಳಲ್ಲಿ 5.38 ಬಂತು. ಜೀಪು ಜೀಪಿಗೇ ಇಷ್ಟು ವ್ಯತ್ಯಾಸ. ಒಂದೇ ಅಳತೆಯ ಟೈರಿದ್ದು, ಹಿಂದೆ 4.88, ಮುಂದೆ 5.38 ಹಾಕಿದಿರಿ ಅನ್ನಿ. ಹಿಂದಿನ ಗಾಲಿ ನೂರು ಸುತ್ತು ಸುತ್ತೋ ಹೊತ್ತಿಗೆ ಮುಂದಿನದು ಸುಮಾರು ತೊಂಬತ್ತೊಂದು ಸುತ್ತುತ್ತೆ. ಒಂದು ಎತ್ತು ಮುಂದಕ್ಕೆ, ಒಂದು ಎತ್ತು ಹಿಂದಕ್ಕೆ ಎಳೆದ ಹಾಗೆ. ಕೆಸರಲ್ಲಾದರೆ ಗಾಲಿ ಜಾರಿ ಅಲ್ಲಿಂದಲ್ಲಿಗೆ ಸರಿಹೋಗುತ್ತೆ. ಗಟ್ಟಿ ನೆಲದ ಮೇಲೆ ಲೋಡು ಹೊತ್ತು ಹೋಗುವಾಗ ಶಾಫ್ಟಿನ ಜಾಯಿಂಟು ಇಲ್ಲವೇ ಗೇರಿನ ಹಲ್ಲು ಮುರಿಯೋದೇ. ಲೆಕ್ಕ ತಾಳೆ ಆದ ಗಾಡಿಯಲ್ಲೂ ಟಾರ್ ರಸ್ತೆಗೆ ಬಂದ ಕೂಡಲೇ ಮುಂದಿನ ಓಟ ಬಿಡಿಸಬೇಕು. ಈ ಜೋಡಣೆಯಲ್ಲಿ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ತಿರುವಿನಲ್ಲಿ ಮುಂದಿನ ಗಾಲಿ ಹೆಚ್ಚು ದೂರ ಓಡಬೇಕು, ಅದಕ್ಕೆ ಅವಕಾಶ ಸಿಗಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಕೆಸರು ಬಿಡುತ್ತಾ? ಸ್ವಲ್ಪ ಮಟ್ಟಿಗೆ ಬಿಡುತ್ತೆ, ಸುಳ್ಳು ಹೇಳಬಾರದು. ಆದರೆ ಸಾದಾ ಡಿಫರೆನ್ಷಿಯಲ್ಲಿನ ಗುಣ ಏನು ಅಂದ್ರೆ, ಯಾವ ಗಾಲಿ ಜಾರುತ್ತೋ ಅದನ್ನೇ ತಿರುಗಿಸುತ್ತೆ. ಮುಂದೆ ಒಂದು, ಹಿಂದೆ ಒಂದು ಗಾಲಿ ಜಾರಿದರೆ ನಾಲ್ಕು ಗಾಲಿ ಓಟದ ಗಾಡಿನೂ ನಿಂತಲ್ಲೇ ನಿಲ್ಲುತ್ತೆ. ಗಾಲಿ ಹೂತು ಹೌಸಿಂಗ್ ಹೋಗಿ ದಿಣ್ಣೆ ಮೇಲೆ ಕೂತರಂತೂ ಎಷ್ಟು ಗಾಲಿಗೆ ಓಟ ಇದ್ದರೇನು? ಟ್ರ್ಯಾಕ್ಟರೇ ಬರಬೇಕು.

ಈಗ ಕಾನೂನು ನೋಡೋಣ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಿಸಿದವರು ಕೊಟ್ಟ ವಿವರಕ್ಕೂ ಆರ್.ಸಿ. ಪುಸ್ತಕಕ್ಕೂ ಹೊಂದದ ಹಾಗೆ ಗಾಡಿ ಮಾರ್ಪಾಟು ಮಾಡೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಮೊಕದ್ದಮೆಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಮಾರ್ಪಾಟಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜಾ, ಇಲ್ಲವೇ ಒಂದೊಂದು ಮಾರ್ಪಾಟಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ ಅಂತ ಬರೆದರು. ದಂಡ ಹೋಗಲಿ ಅನ್ನಿ. ನಾಳೆ ಗಾಡಿ ಪಲ್ಟಿ ಹೊಡೆದರೆ? ಚಾಸಿಗೆ ಬೆಸುಗೆ ಹಾಕಿರೋದನ್ನು ನೋಡಿದರೆ ವಿಮೆಯವರಿಗೆ ಕೈ ಕೊಡವೋಕೆ ಅದೇ ಸಾಕು. ಮೂಟೆ ಮೇಲೆ ಕೂತು ಹೋಗೋ ಆಳುಗಳ ಜೀವದ ಮಾತು ಬೇರೆ. ಅವರು ಯಾರು ಸ್ವಾಮಿ, ನಮ್ಮ ಊರಿನವರೇ ತಾನೆ?

ಇನ್ನು ಸಾಲದ ಲೆಕ್ಕ. ಕಾನೂನು ಒಪ್ಪದ ಕೆಲಸಕ್ಕೆ ಯಾವ ಬ್ಯಾಂಕಿನ ಬಾಗಿಲಿಗೆ ಹೋಗ್ತೀರಿ? ಬೆಳೆ ಸಾಲ ಅಂತ ತಂದ ದುಡ್ಡು ವರ್ಕ್‌ಶಾಪಿಗೆ ಹೋಗುತ್ತೆ, ಇಲ್ಲ ಅಂದ್ರೆ ಕೈಸಾಲ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಹಿಡಿದರೂ ಎರಡು ಲಕ್ಷಕ್ಕೆ ತಿಂಗಳಿಗೆ ನಾಲ್ಕು ಸಾವಿರ, ವರ್ಷಕ್ಕೆ 48 ಸಾವಿರ. ಅಸಲು ಹಾಗೇ ಕೂತಿರುತ್ತೆ. ಗಾಡಿ ಸಿಕ್ಕಿಕೊಳ್ಳೋದು ವರ್ಷಕ್ಕೆ ಎಷ್ಟು ದಿನ? ಹತ್ತು ದಿನ ಅನ್ನಿ, ಹದಿನೈದು ದಿನ ಅನ್ನಿ. ಅಷ್ಟೂ ದಿನ ಟ್ರ್ಯಾಕ್ಟರಿಗೆ ಸಾವಿರ ಸಾವಿರ ಕೊಟ್ಟರೂ ಹದಿನೈದು ಸಾವಿರ. ಹದಿನೈದು ಸಾವಿರದ ಕಷ್ಟ ತಪ್ಪಿಸಿಕೊಳ್ಳೋಕೆ 48 ಸಾವಿರ ಬಡ್ಡಿ ಕಟ್ಟೋದು ಯಾವ ಬೇಸಾಯ?

ಹಂಗಾದ್ರೆ ಸುಮ್ಮನೆ ಕೂರಬೇಕಾ? ಬೇಡ. ಕಮ್ಮಿ ಖರ್ಚಿನ ದಾರಿ ಇವೆ. ಕೆಸರಿಗೆ ಇಳಿಯೋ ಮುಂಚೆ ಹಿಂದಿನ ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತೆ. ಆದರೆ ನಿಧಾನಕ್ಕೆ ಹೋಗಬೇಕು, ಟಾರ್ ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಬೇಕು, ಲೋಡು ಪೂರ್ತಿ ಇದ್ದಾಗ ಈ ಆಟ ಬೇಡ. ಸವೆದ ಟೈರು ಬಿಟ್ಟು ದಪ್ಪ ಕಚ್ಚಿನ ಟೈರು ಹಾಕಿಸಿ. ಖಾಲಿ ಪಿಕಪ್ಪಿಗೆ ಹಿಂದೆ ಭಾರವಿಲ್ಲ, ಅದಕ್ಕೇ ಬರುವಾಗಲೇ ಜಾರೋದು. ನಾಲ್ಕು ಮೂಟೆ ಮರಳು ಹಾಕಿಕೊಂಡು ಬಂದರೆ ಅರ್ಧ ತೊಂದರೆ ಕಮ್ಮಿ. ಎಲ್ಲಕ್ಕಿಂತ ಮೇಲಾದ ದಾರಿ, ಹೊಲದಿಂದ ರಸ್ತೆವರೆಗೆ ಟ್ರ್ಯಾಕ್ಟರ್ ಟ್ರೇಲರಿನಲ್ಲೋ ಎತ್ತಿನ ಗಾಡಿಯಲ್ಲೋ ಮೂಟೆ ಸಾಗಿಸಿ, ಪಿಕಪ್ಪನ್ನು ಟಾರ್ ಮೇಲೇ ನಿಲ್ಲಿಸೋದು. ನಾಲ್ಕು ಗಾಲಿ ಓಟ ಬೇಕೇ ಬೇಕು ಅನ್ನೋವಷ್ಟು ಕೆಲಸ ಇದ್ದರೆ, ಕಾರ್ಖಾನೆಯಲ್ಲೇ ಹಾಗೆ ಮಾಡಿದ ಗಾಡಿಗಳು ಬಂದಿವೆ. ಐದಾರು ಜನ ಸೇರಿ, ಆರ್.ಸಿ. ಸರಿಯಾಗಿರೋ ಅಂಥದ್ದೊಂದು ತಗೊಳ್ಳಿ.

ಆದರೆ ಮೂಲ ರೋಗ ಗಾಡಿಯದ್ದಲ್ಲ. ದಾರಿಯದ್ದು. ಸರ್ವೆಯವರ ಗ್ರಾಮ ನಕಾಶೆ ಬಿಚ್ಚಿ ನೋಡಿ. ಕಾಲುದಾರಿಗೆ ಒಂದು ಗುರುತು, ಬಂಡಿದಾರಿಗೆ ಒಂದು ಗುರುತು. ನಮ್ಮ ತಾತಂದಿರ ಕಾಲದಲ್ಲಿ ಜೋಡಿ ಎತ್ತಿನ ಗಾಡಿ ಎದುರುಬದುರು ಬಂದರೂ ಹಾಯುತ್ತಿದ್ದ ದಾರಿ ಈಗ ಒಂದು ಮೊಳಕ್ಕೆ ಬಂದಿದೆ. ಒತ್ತಿದವರು ಯಾರು? ಸರ್ಕಾರವಾ? ಅಲ್ಲ. ನಾವೇ. ವರ್ಷಕ್ಕೊಂದು ಸಾಲು ಉಳುಮೆ ಆಚೆಗೆ ತಳ್ಳಿ, ಚರಂಡಿ ಮುಚ್ಚಿ, ನೀರನ್ನೆಲ್ಲ ದಾರಿಗೆ ಬಿಟ್ಟವರು ನಾವೇ. ನಾನೂ ಅದರಲ್ಲಿ ಒಬ್ಬ. ಹೋದ ವರ್ಷ ನನ್ನ ಮೂಟೆ ಸಿಕ್ಕಿಕೊಂಡ ಜಾಗ, ನನ್ನ ಬದುವಿನ ನೀರು ಹರಿದು ಬರೋ ಜಾಗವೇ ಆಗಿತ್ತು. ಇದನ್ನು ಒಪ್ಪಿಕೊಳ್ಳದೆ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತರೆ ಅಧಿಕಾರಿಗಳು ನಗ್ತಾರೆ.

ಮೊದಲು ನಾವು ಒತ್ತಿದ್ದನ್ನು ಬಿಡೋಣ. ಆಮೇಲೆ ಎದೆ ಸೆಟೆಸಿ ಕೇಳೋಣ: ಎರಡೂ ಕಡೆ ಚರಂಡಿ ತೆಗೆಸಿ, ಹಳ್ಳ ಬಂದಲ್ಲಿ ಮೋರಿ ಕೊಡಿಸಿ, ಗ್ರಾವೆಲ್ ಹಾಕಿಸಿ ಅಂತ. 2005ರ ಉದ್ಯೋಗ ಖಾತ್ರಿ ಕಾನೂನಿನ ಕೆಲಸದಲ್ಲಿ ಹೊಲದ ದಾರಿ ಮಾಡಿಸಿಕೊಂಡ ಊರುಗಳು ರಾಜ್ಯದಲ್ಲಿವೆ. ಅವರಿಗೆ ಆದದ್ದು ನಮಗೆ ಯಾಕಾಗಲ್ಲ? ಗ್ರಾಮಸಭೆ ದಿನ ಊರಲ್ಲಿ ಎಷ್ಟು ಜನ ಇರ್ತೀರಿ, ಎಷ್ಟು ಜನ ಸಂತೆಗೆ ಹೋಗಿರ್ತೀರಿ, ನಿಮ್ಮನ್ನೇ ಕೇಳ್ಕೊಳ್ಳಿ.

ದಾರಿ ಆದ ಮೇಲೂ ಒಂದು ಮಾತು ಉಳಿಯುತ್ತೆ. ಒಂದು ದಿನ ತಡ ಆದರೆ ರೈತ ಮುಳುಗ್ತಾನೆ ಅಂದ್ರೆ ಅದು ಯಾವ ಮಾರ್ಕೆಟ್ಟು? ಭತ್ತ, ರಾಗಿ, ಕೊಬ್ಬರಿಗೆ ಕೇಂದ್ರ ಸರ್ಕಾರ ಬೆಂಬಲ ಬೆಲೆ ಘೋಷಣೆಯಾದರೂ ಮಾಡುತ್ತೆ. ನಮ್ಮ ಆಲೂಗಡ್ಡೆ ಆ ಪಟ್ಟಿಯಲ್ಲೇ ಇಲ್ಲ. ಅರಕಲಗೂಡಿನವರ ಶುಂಠಿಯೂ ಇಲ್ಲ. ಬಿತ್ತನೆ ಗೆಡ್ಡೆಗೆ ಜಲಂಧರಿನ ಕಡೆಯವರು ಹೇಳಿದ ರೇಟು, ಗೊಬ್ಬರಕ್ಕೆ ಅಂಗಡಿಯವನು ಹೇಳಿದ ರೇಟು, ನಮ್ಮ ಮಾಲಿಗೆ ಮಾತ್ರ ಕೊಳ್ಳೋನು ಹೇಳಿದ ರೇಟು. ಈ ಹೊಂಡಕ್ಕೆ ಬಿದ್ದವನನ್ನು ಎಷ್ಟು ಗಾಲಿಯ ಓಟ ಮೇಲೆತ್ತುತ್ತೆ?

ಪಕ್ಕದ ಮನೆ ಹುಡುಗ ಇನ್ನೂ ಚಾಸಿ ಕೊಯ್ಯಿಸಿಲ್ಲ. ಮೊನ್ನೆ ಬಂದು, "ದೊಡ್ಡಪ್ಪ, ನಕಾಶೆ ತೆಗೆಸೋಕೆ ಅರ್ಜಿ ಎಲ್ಲಿ ಕೊಡಬೇಕು?" ಅಂತ ಕೇಳಿದ. ನಾನೂ ಅವನ ಜೊತೆ ಹೊಳೆನರಸೀಪುರಕ್ಕೆ ಹೊರಟಿದ್ದೀನಿ. ಅಳತೆ ಬಂದ ದಿನ ಮೊದಲು ಕಲ್ಲು ಕೀಳೋದು ನನ್ನ ಬದುವಿನದು. ಉಳಿದವರು ಯೋಚನೆ ಮಾಡಿ.